ಗಾಳಿಗಿಟ್ಟ ಮೇಜು

ನಮ್ಮ ಮನೆಯ ತಲೆಬಾಗಿಲು ದಾಟಿದ ಕೂಡಲೇ ಎದುರಾಗುತ್ತಿದ್ದದ್ದು ಮನುಷ್ಯರಲ್ಲ, ಎತ್ತುಗಳು. ಶಲವಡಿಯ ಸುತ್ತಿನ ಎರೆಭೂಮಿಯ ಊರುಗಳಲ್ಲಿ ಆಗ ಮನೆಗಳನ್ನು ಕಟ್ಟುತ್ತಿದ್ದದ್ದೇ ಹಾಗೆ. ಬಾಗಿಲಿನ ಒಳಗೆ ಎಡಕ್ಕೆ ನೆಲ ಒಂದು ಮೊಳ ತಗ್ಗು. ಅದು ದಂದಕ್ಕಿ, ದನ ಕಟ್ಟುವ ಜಾಗ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ದೇವರ ಜಗಲಿ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಹತ್ತಿಕೊಂಡು ಕಿಟಕಿಯಿಲ್ಲದ ಒಂದು ಕೋಲಿ. ನಾನು ಹುಟ್ಟಿದ್ದು ಆ ಕೋಲಿಯಲ್ಲಿ. ನಾವು ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುವಾಗ ಎತ್ತುಗಳು ನಮ್ಮ ಮುಖ ನೋಡುತ್ತ ಮೆಲುಕು ಹಾಕುತ್ತಿದ್ದವು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೊದಲ ರೊಟ್ಟಿಯನ್ನು ಮುರಿದು ಅರ್ಧ ಎಡಗಡೆಯ ಎತ್ತಿಗೂ ಅರ್ಧ ಬಲಗಡೆಯ ಎತ್ತಿಗೂ ತಿನ್ನಿಸಿ, ಅದೇ ಕೈಯನ್ನು ಸೆರಗಿಗೆ ಒರಸಿಕೊಂಡು ನನಗೆ ರೊಟ್ಟಿ ನೀಡುತ್ತಿದ್ದಳು. ನನಗೆ ಅದು ಎಂದೂ ಹೇಸಿಗೆ ಅನ್ನಿಸಿದ್ದಿಲ್ಲ. ಮನೆ ಅಂದರೆ ಸಗಣಿ, ವಿಭೂತಿ, ಒಗ್ಗರಣೆ ಮೂರೂ ಕೂಡಿದ ವಾಸನೆ ಎಂದು ತಿಳಿದಿದ್ದೆ.

ಆಯಿಗೆ ಒಂದು ಹೆಮ್ಮೆಯಿತ್ತು. ಕೊರಳಲ್ಲಿ ಲಿಂಗ ಇದ್ದವರಿಗೆ ಸೂತಕವಿಲ್ಲ ಎನ್ನುವುದು ಅವಳ ಮಾತು. ಊರಿನ ಬೇರೆ ಕೆಲವು ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹಿತ್ತಲಲ್ಲಿ ಕೂರುವುದನ್ನು ನಾನು ಕಂಡಿದ್ದೆ. ನಮ್ಮಲ್ಲಿ ಅವ್ವ ಆ ದಿನಗಳಲ್ಲೂ ಒಲೆ ಹಚ್ಚುತ್ತಿದ್ದಳು, ಲಿಂಗಪೂಜೆ ಮಾಡುತ್ತಿದ್ದಳು. ಹೆರಿಗೆಯಾದರೆ ಮನೆ ತೊಳೆಯುವುದಿಲ್ಲ, ಸತ್ತರೆ ತೊಳೆಯುವುದಿಲ್ಲ. ಓಣಿಯ ಹೆಂಗಸರು ಕೂಡಿದಾಗ ಆಯಿ ಇದನ್ನು ಗಟ್ಟಿಯಾಗಿ ಹೇಳುತ್ತಿದ್ದಳು.

"ನಮ್ಮ ಮನ್ಯಾಗ ಮೈಲಿಗಿ ಅನ್ನೂ ಮಾತ ಇಲ್ಲ ನೋಡ್ರವಾ. ಈ ನೀಲಿ ಹುಟ್ಟಿದಾಗ ಒಂದು ತಂಬಗಿ ನೀರು ಸೈತ ನಾ ನೆಲಕ್ಕ ಹಾಕಿಲ್ಲ."

ನೀಲಿ ಅಂದರೆ ನಾನು. ನಾನು ಹುಟ್ಟಿದಾಗ ನೆಲ ಒಣಗಿಯೇ ಇತ್ತು ಎನ್ನುವುದು ನನಗೂ ಒಂದು ಹೆಮ್ಮೆಯೇ ಆಗಿತ್ತು. ಮುಂದೆ ಬರೆಯುವುದನ್ನು ನನ್ನ ತಮ್ಮ ಒಪ್ಪುವುದಿಲ್ಲ. ಆ ಮನೆ ಈಗ ಅವನದು, ದಂದಕ್ಕಿಯನ್ನು ಮುಚ್ಚಿ ಫರಸಿ ಹಾಕಿಸಿ ಮೋಟರ್ ಸೈಕಲ್ ನಿಲ್ಲಿಸುತ್ತಾನೆ. ಆಯಿ ಹಾಗಿರಲಿಲ್ಲ, ನೀನು ಸಣ್ಣವಳಿದ್ದೆ, ಏನೋ ತಪ್ಪು ತಿಳಿದಿದ್ದೀ ಎನ್ನುತ್ತಾನೆ. ಅವನು ಆಗ ಕೈಗೂಸು. ನನಗೆ ಒಂಬತ್ತು ತುಂಬಿತ್ತು. ಅದಕ್ಕೇ ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಕಾರಹುಣ್ಣಿಮೆ ಮುಗಿದ ಮೇಲೆ, ಮಳೆ ಇಲ್ಲದೆ ಬರೀ ಗಾಳಿ ಬೀಸುವ ದಿನಗಳಲ್ಲಿ. ಬೆಳಿಗ್ಗೆ ನೋವು ಶುರುವಾದದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಊರಿನ ಸೂಲಗಿತ್ತಿ ಮುದುಕಿ ಕೋಲಿಯಿಂದ ಹೊರಗೆ ಬಂದು, "ಕಾಲು ಮುಂದ ಬಂದಾವ, ನನ್ನ ಕೈಲೆ ಆಗೂದಲ್ಲ" ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ಅಪ್ಪ ಸೈಕಲ್ ಹತ್ತಿ ಪಕ್ಕದ ಊರಿನ ದವಾಖಾನೆಗೆ ಹೋಗಿ ನರ್ಸಬಾಯಿಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಬಂದ. ಅವರು ಆ ದವಾಖಾನೆಗೆ ಬಂದು ತಿಂಗಳೂ ಆಗಿರಲಿಲ್ಲ. ಹೆಸರು ಶಾಂತಾಬಾಯಿ. ಚಪ್ಪಲಿ ಬಿಡಲೂ ನಿಲ್ಲದೆ, ಎತ್ತುಗಳನ್ನು ದಾಟಿ, ಜಗಲಿಯ ಮುಂದಿನಿಂದ ಹಾಯ್ದು, ಅಡಿಗೆಮನೆಯೊಳಗಿಂದ ನೇರ ಕೋಲಿಗೆ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಆಯಿ ಅವರ ಕೈಮೇಲೆ ಬಿಸಿನೀರು ಹಾಕುತ್ತಿದ್ದಳು, ಮೊಣಕೈವರೆಗೂ. ನೀರು ಹಾಕುತ್ತ, "ನನ್ನವ್ವಾ, ನಮ್ಮ ಗಂಗವ್ವನ್ನ ಉಳಿಸಿಕೊಡು" ಅನ್ನುತ್ತಿದ್ದಳು. ಗಂಗವ್ವ ನಮ್ಮ ಅವ್ವನ ಹೆಸರು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು.

ಎಲ್ಲ ಮುಗಿದ ಮೇಲೆ ಶಾಂತಾಬಾಯಿ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹಣೆಯ ಬೆವರು ಇನ್ನೂ ಆರಿರಲಿಲ್ಲ. ಆಯಿ ಎದುರಿಗೆ ಕೂತು, ಅವರ ಮೊಣಕಾಲ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಕೇಳಿದಳು.

"ನಿಮ್ಮೂರು ಯಾವದವ್ವಾ?"

"ಕುಂದಗೋಳ ಕಡೇರಿ."

"ಅಲ್ಲೆ ಯಾರ ಪೈಕಿ?"

ಹೊಸಬರ ಜಾತಿಯನ್ನು ಮರ್ಯಾದೆಯಿಂದ ಕೇಳುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ಶಾಂತಾಬಾಯಿ ಇನ್ನೊಂದು ಗುಟುಕು ಕುಡಿದು ಉತ್ತರ ಕೊಟ್ಟರು.

"ಕೇರ್ಯಾಗಿನವ್ರು ಅದೀವ್ರಿ."

ಬರೀ ಕೇರಿ ಎಂದರೆ ಯಾವ ಕೇರಿ ಎಂದು ಯಾರೂ ಕೇಳುವುದಿಲ್ಲ. ಊರ ಹೊರಗಿನದು, ಮುಟ್ಟಿಸಿಕೊಳ್ಳದವರದು. ಆಯಿಯ ಕೈ ಅವರ ಮೊಣಕಾಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅವಳು ಅದನ್ನು ಥಟ್ಟನೆ ತೆಗೆಯಲಿಲ್ಲ, ಇದು ನನಗೆ ಖಚಿತವಾಗಿ ನೆನಪಿದೆ. ಮೊದಲು ಬೆರಳುಗಳನ್ನು ಎತ್ತಿದಳು, ಆಮೇಲೆ ಅಂಗೈಯನ್ನು. ಶಾಂತಾಬಾಯಿ ಚಹಾ ಮುಗಿಸಿ, ಯಾರೂ ಹೇಳದಿದ್ದರೂ, ಕಪ್ಪನ್ನು ತಾವೇ ತೊಳೆದು ಬೋರಲು ಹಾಕಿ ಹೋದರು. ಅವರು ಹೋದ ಮೇಲೆ ಆಯಿ ಸಗಣಿ ನೀರು ಕದಡಿ ಕೋಲಿಯ ಹೊಸ್ತಿಲಿನಿಂದ ತಲೆಬಾಗಿಲಿನವರೆಗೆ ನೆಲ ಸಾರಿಸಿದಳು. ನಾನು ಕೇಳಿದೆ:

"ಆಯಿ, ನಾ ಹುಟ್ಟಿದಾಗ ಸಾರಿಸಿರಲಿಲ್ಲಲ್ಲ?"

"ಸುಮ್ಕ ಕುಂದ್ರು. ಇದು ಆ ಸಂಬಂಧ ಅಲ್ಲ."

ಸಾರಿಸಿದ ನೆಲದ ಮೇಲೆ ಕಾಲಿಡದಂತೆ ನನ್ನನ್ನು ದಂದಕ್ಕಿಯಲ್ಲಿ, ಎತ್ತುಗಳ ಪಕ್ಕ ನಿಲ್ಲಿಸಿದ್ದಳು. ಅವಳು ಬಗ್ಗಿ ಬಗ್ಗಿ ಅವರ ಚಪ್ಪಲಿಯ ಗುರುತು ಇದ್ದಲ್ಲೆಲ್ಲ ಎರಡು ಸಲ ಕೈಯಾಡಿಸುವುದನ್ನು ಅಲ್ಲಿಂದ ನೋಡಿದೆ. ಮನೆಯ ಬಗ್ಗೆ ನನಗೆ ಗೊತ್ತಿದ್ದ ಒಂದೇ ಒಂದು ದೊಡ್ಡ ಸಂಗತಿ ನನ್ನ ಕಣ್ಣೆದುರಿಗೇ ಒದ್ದೆಯಾಗುತ್ತಿತ್ತು.

ಹೊಕ್ಕಳ ಬಳ್ಳಿ ಕೊಯ್ದವಳನ್ನು ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕರೆದು, ಪಡಸಾಲೆಯಲ್ಲಿ ಮಣೆಯ ಮೇಲೆ ಕೂಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿ, ಹೋಳಿಗೆ ಉಣಿಸುವುದು ನಮ್ಮ ಮನೆಯ ಪದ್ಧತಿ. ಅದನ್ನು ಬಿಡುವಂತಿಲ್ಲ, ಬಿಟ್ಟರೆ ಕೂಸಿಗೆ ಒಳ್ಳೆಯದಲ್ಲ ಎಂದು ಆಯಿಯೇ ನಂಬಿದ್ದಳು. ಹಾಗಾಗಿ ಮನೆಯಲ್ಲಿ ಜಗಳವಾದದ್ದು ಶಾಂತಾಬಾಯಿಯನ್ನು ಕರೆಯುವುದೋ ಬಿಡುವುದೋ ಎಂದಲ್ಲ, ಎಲ್ಲಿ ಕೂಡಿಸುವುದು ಎಂದು. ನಡೆದದ್ದು ಉಣ್ಣುವಾಗ, ಪಡಸಾಲೆಯಲ್ಲಿ. ಅವ್ವ ಕೋಲಿಯಲ್ಲಿ ಮಲಗಿದ್ದಳು. ಹೊರಸಿನ ಕೆಳಗೆ ಕೆಂಡ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕಿವಿಯಲ್ಲಿ ಹತ್ತಿ. ಬಾಣಂತಿಗೆ ಗಾಳಿ ತಾಕಬಾರದು.

"ಅಕಿ ಇರಲಿಲ್ಲಂದ್ರ ಅವತ್ತು ಎರಡು ಹೆಣಾ ಹೊರಬೇಕಾಗಿತ್ತ ಬೇ," ಎಂದ ಅಪ್ಪ.

"ನಾ ಎಲ್ಲೆ ಇಲ್ಲ ಅಂದ್ನಿ? ಸೀರಿ ಕೊಡು, ಕಾಯಿ ಕೊಡು, ಹೊಟ್ಟಿ ತುಂಬ ಹೋಳಿಗಿ ಕೊಡು. ಒಳಗ ಬ್ಯಾಡ, ಅಷ್ಟ."

"ಅವತ್ತು ಒಳಗ ಬಂದಿದ್ಲಲ್ಲ?"

"ಅವತ್ತು ಗೊತ್ತಿರಲಿಲ್ಲೋ ಬಸ್ಯಾ. ಗೊತ್ತಾದ ಮ್ಯಾಲ ಹೆಂಗ?"

ಕೋಲಿಯೊಳಗಿಂದ ಅವ್ವನ ಧ್ವನಿ ಬಂತು, ಕಿವಿಯಲ್ಲಿ ಹತ್ತಿ ಇದ್ದವರು ಮಾತಾಡುವ ಹಾಗೆ ಸ್ವಲ್ಪ ಜೋರಾಗಿ.

"ಉಡಿ ನಾನ ತುಂಬತೇನಿ."

"ನೀ ಮಕ್ಕೋ. ಬಾಣಂತಿ ಮಾತಾಡಬಾರದು, ಗಾಳಿ ಹೊಕ್ಕೊಂತೈತಿ," ಎಂದಳು ಆಯಿ.

ಅಪ್ಪನ ವಿಷಯ ಇಲ್ಲಿ ಹೇಳಬೇಕು. ಊರಿನಲ್ಲಿ ಶರಣರ ಹೆಸರಿನ ಕಾರ್ಯಕ್ರಮ ಇದ್ದರೆ ಅಪ್ಪನದೇ ಭಾಷಣ. ಮನುಷ್ಯರೆಲ್ಲ ಒಂದೇ ಎಂದು ಅವನು ಮನಸಾರೆ ಹೇಳುತ್ತಿದ್ದ, ಅದರಲ್ಲಿ ನಾಟಕವಿರಲಿಲ್ಲ. ಅವನಿಗೆ ತಾಯಿಯ ಮಾತು ಮೀರುವುದೂ ಆಗುತ್ತಿರಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಲೆಕ್ಕ ಬಿಡಿಸಿದ ಹುಡುಗನ ಹಾಗೆ ಮುಖ ಅರಳಿಸಿಕೊಂಡು ಬಂದ.

"ಹೊರಗ ಬೇವಿನ ಗಿಡದ ಬುಡಕ ಒಂದು ಸಣ್ಣ ಮೇಜು ಮಾಡಿ ಹಾಕೂಣು. ನಾನೂ ಅಲ್ಲೇ ಉಣ್ತೇನಿ, ನೀಲಿನೂ ಅಲ್ಲೇ ಉಣ್ತಾಳ, ನರ್ಸಬಾಯಾರೂ ಅಲ್ಲೇ ಉಣ್ಲಿ. ಎಲ್ಲಾರೂ ಹೊರಗ ಅಂದ ಮ್ಯಾಲ ಯಾರೂ ಹೊರಗಿಲ್ಲ. ಹೌದಲ್ಲ ಬೇ?"

"ಮಾಡ್ಕೋ ಹಂಗಾದ್ರ," ಎಂದಳು ಆಯಿ. ಆಮೇಲೆ, "ಮನ್ಯಾಗಿನ ತಾಟು ಮಾತ್ರ ಹೊರಗ ಹೋಗೂದಿಲ್ಲ" ಎಂದಳು. ಅದಕ್ಕೂ ಅಪ್ಪನ ಬಳಿ ಉತ್ತರವಿತ್ತು. ಎಲ್ಲರಿಗೂ ಮುತ್ತಲೆಲೆಯ ಪತ್ರಾವಳಿ, ಅವನಿಗೂ ಕೂಡ. ಅಂದು ಅವನು ಬಹಳ ಸಂತೋಷವಾಗಿದ್ದ. ನಾನೂ ಇದ್ದೆ.

ಮೇಜು ಮಾಡಲು ಬಡಿಗೇರ ಮೌನಪ್ಪ ಕಾಕಾ ಬಂದ. ನಮ್ಮ ಕೂರಿಗೆ, ಕುಂಟೆ, ಬಂಡಿ ಎಲ್ಲ ಅವನ ಕೈಯವೇ. ಹಳೆಯ ಬಂಡಿಯ ನಾಲ್ಕು ಹಲಗೆ ಹಿತ್ತಲಲ್ಲಿ ಬಿದ್ದಿದ್ದವು, ಮುರಿದ ಕೂರಿಗೆಯ ಜಾಲಿ ದಿಂಡು ಒಂದಿತ್ತು. ಕಾಕಾ ಹಲಗೆಗಳನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಇವು ಬಿಸಿಲು ಮಳೆ ಉಂಡು ಗಟ್ಟಿಯಾದವು, ಇನ್ನು ಹೊರಗಿಟ್ಟರೂ ಸೊಟ್ಟಗಾಗುವುದಿಲ್ಲ ಎಂದ. ಮನೆಯೊಳಗೇ ಇದ್ದ ಕಟ್ಟಿಗೆಯನ್ನು ಹೊರಗೆ ಹಾಕಿದರೆ ಮೊದಲ ಮಳೆಗೇ ಬಾಯಿ ಬಿಡುತ್ತದಂತೆ. ಮೊಳೆ ಬೇಡ, ತುಕ್ಕು ಹಿಡಿಯುತ್ತದೆ ಎಂದು ಜಾಲಿಯಲ್ಲೇ ಬೆಣೆ ಕೆತ್ತಿದ. ಅಪ್ಪನೂ ಅವನೂ ಎದುರುಬದುರು ಕೂತು ಕಾಲುಗಳನ್ನು ಬಾಚಿಯಿಂದ ಕೆತ್ತಿದರು. ಕಷ್ಟವಾದದ್ದು ಎತ್ತರದ ಪ್ರಶ್ನೆ.

"ಎತ್ತರ ಎಷ್ಟಿರಲ್ರಿ ಬಸಣ್ಣಾರ?"

"ಉಣ್ಣೂ ಮೇಜು ಎಷ್ಟಿರತೈತಿ, ಅಷ್ಟು."

"ಉಣ್ಣೂ ಮೇಜು ನಾ ಎಲ್ಲೆ ನೋಡೇನ್ರಿ? ನೀವು ನೋಡೀರೇನು?"

"ಹುಬ್ಬಳ್ಳಿ ಖಾನಾವಳ್ಯಾಗ ಕುಂತು ಉಂಡೇನಿ."

"ಅಳತಿ ತಗೊಂಡಿದ್ರೇನು?"

"ಲೇ ಮೌನ್ಯಾ, ಉಣ್ಣಾಕ ಹೋಗಿದ್ನೋ ಅಳೀಲಿಕ್ಕೆ ಹೋಗಿದ್ನೋ?"

ಕೊನೆಗೆ ನನ್ನನ್ನು ನಿಲ್ಲಿಸಿ ನನ್ನ ತೊಡೆಯ ಮಟ್ಟಕ್ಕೆ ಗೆರೆ ಹಾಕಿದರು. ಕುರ್ಚಿಯ ಮೇಲೆ ಕೂತವರಿಗೆ ಅದು ತಗ್ಗು, ನೆಲದಲ್ಲಿ ಕೂತವರಿಗೆ ಎತ್ತರ ಎಂದು ಯಾರಿಗೂ ಹೊಳೆಯಲಿಲ್ಲ. ಮಳೆನೀರು ಇಳಿಯಲಿ ಎಂದು ಎರಡೆರಡು ಹಲಗೆಗಳ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದಿ ಬಿಟ್ಟರು. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಅದರ ಮೇಲೆ ಯಾವುದೂ ನೆಟ್ಟಗೆ ನಿಲ್ಲುವುದಿಲ್ಲ ಎಂದು ನಾಲ್ಕು ಚಪ್ಪಟೆ ಕಲ್ಲು ಹೂತು, ಒಂದೊಂದರ ಮೇಲೆ ಒಂದೊಂದು ಕಾಲು ಕೂಡಿಸಿದರು. ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಅರಿವೆಯಿಂದ ಹಚ್ಚುವ ಕೆಲಸ ನನ್ನದು. ಮೇಲೆ, ಕೆಳಗೆ, ಸಂದಿಯಲ್ಲಿ, ಎರಡು ಸಲ ಹಚ್ಚಿದೆ. ಬಂಡಿಯ ಹಲಗೆ ಎಣ್ಣೆ ಕುಡಿದು ಜೇನಿನ ಬಣ್ಣಕ್ಕೆ ಬಂತು. ಕೆಲಸ ಮುಗಿದ ಮೇಲೆ ಮೌನಪ್ಪ ಕಾಕಾ ಕೈ ಒರಸಿಕೊಳ್ಳುತ್ತ ಕೇಳಿದ.

"ಯಾರ ಸಂಬಂಧ್ರೀ ಇದು?"

ಅಪ್ಪ ಹೇಳಿದ. ಕಾಕಾ ತಲೆ ತಗ್ಗಿಸಿ ಬಾಚಿಯನ್ನು ಚೀಲಕ್ಕೆ ಹಾಕಿಕೊಂಡ.

"ಮೂವತ್ತು ವರ್ಷ ಆತ್ರಿ ಊರಾಗ ಬಾಗಲಾ ಮಾಡಾಕ್ಹತ್ತಿ. ಒಳಗ ಬರಾಕ ಏನೇನು ಬೇಕು, ಎಲ್ಲಾ ಮಾಡೇನಿ. ಒಳಗ ಬರಬಾರ್ದಂತ ಮಾಡಿದ್ದು ಇದ ಮೊದಲ್ರಿ."

ಅಪ್ಪ ನಕ್ಕ. ಕಾಕಾ ನಗಲಿಲ್ಲ. ತೊಟ್ಟಿಲ ದಿನಕ್ಕೆ ಶಾಂತಾಬಾಯಿಯನ್ನು ಕರೆಯಲು ಹೋದದ್ದು ನಾನು. ಹನ್ನೆರಡಕ್ಕಲ್ಲ, ಎರಡಕ್ಕೆ ಬರಲಿ ಎಂದು ಹೇಳಿಬಾ ಎಂದಿದ್ದರು. ಓಣಿಯ ಹೆಂಗಸರು ಬೆಳಿಗ್ಗೆ ಬಂದು ತೊಟ್ಟಿಲ ಹಾಡು ಹಾಡಿ, ಪಡಸಾಲೆಯಲ್ಲಿ ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದ ಮೇಲೆ ಎಂದು ಅದರ ಅರ್ಥ. ಗಾಳಿ ಆ ದಿನ ವಿಪರೀತವಿತ್ತು. ಹೊಲಗಳ ಕರಿಧೂಳು ಎದ್ದು ಬೇವಿನ ಮರವೇ ಕಾಣದಷ್ಟು ಕವಿಯುತ್ತಿತ್ತು. ಶಾಂತಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲ ಹಿಡಿದು, ಹೇಳಿದ ಹೊತ್ತಿಗೆ ಬಂದರು. ಕೂಸಿಗೆಂದು ತಾವೇ ಹೆಣೆದ ಒಂದು ಕುಲಾವಿ ತಂದಿದ್ದರು. ತಲೆಬಾಗಿಲಿನ ಕಡೆಗೇ ನಡೆಯುತ್ತಿದ್ದವರನ್ನು ಅಪ್ಪ ನಡುವೆ ಹೋಗಿ ಕೈಮುಗಿದು ಮರದ ಕಡೆಗೆ ತಿರುಗಿಸಿದ.

"ಬರ್ರಿ ಬಾಯಾರ, ಇತ್ಲಾಗ ಬರ್ರಿ. ಇಲ್ಲೇ ಕುಂದರೂಣು."

ಕಬ್ಬಿಣದ ಎರಡು ಕುರ್ಚಿ, ನಡುವೆ ಮೇಜು. ಮೇಜಿನ ಮೇಲೆ ಮೂರು ಪತ್ರಾವಳಿ, ಒಂದೊಂದರ ಮೇಲೂ ಒಂದೊಂದು ಕಲ್ಲು. ಪಕ್ಕದಲ್ಲಿ ಒಂದು ಮೊರ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕಣ. ಉಡಿ ತುಂಬಬೇಕಾದವಳು ಮದುವೆಯಾದ ಹೆಂಗಸು. ಆಯಿ ತುಂಬುವುದಿಲ್ಲ, ಅವ್ವ ಹೊರಗೆ ಬರುವಂತಿಲ್ಲ, ನಾನು ಹುಡುಗಿ. ಅದಕ್ಕೇ ಮೊರವನ್ನು ಇಟ್ಟಿದ್ದರು, ಅವರೇ ತೆಗೆದುಕೊಂಡು ಹೋಗಲಿ ಎಂದು. ಶಾಂತಾಬಾಯಿ ಕೂತರು. ಮೇಜು ಅವರ ಮೊಣಕಾಲಿಗೆ ಬಂತು, ಉಣ್ಣಲು ಎರಡಾಗಿ ಬಗ್ಗಬೇಕಿತ್ತು. ಅವರು ಕೂತ ಜಾಗಕ್ಕೆ ನಮ್ಮ ತಲೆಬಾಗಿಲು ನೇರ ಎದುರು. ಬಾಗಿಲೊಳಗೆ ಎತ್ತುಗಳು ಕಾಣುತ್ತಿದ್ದವು. ಅಪ್ಪ ಹೋಳಿಗೆ ಬಡಿಸಲು ಕಲ್ಲು ಎತ್ತಿದ ಕೂಡಲೇ ಪತ್ರಾವಳಿ ಹಾರಿ ಹೋಗಿ ಜಾಲಿಗಂಟಿಗೆ ಸಿಕ್ಕಿಕೊಂಡಿತು.

"ಹೊರಗ ಯಾಕ ಹಾಕೀರ್ರಿ ಊಟಾ?" ಎಂದು ಕೇಳಿದರು ಶಾಂತಾಬಾಯಿ.

"ಗಾಳಿ ಚಲೋ ಬರ್ತೈತ್ರಿ," ಎಂದ ಅಪ್ಪ.

ಅವರು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಲಿಲ್ಲ, ಅಷ್ಟು ದಯೆ ಅವರಲ್ಲಿತ್ತು. ಅಂಗೈಯಿಂದ ಮೇಜಿನ ಮೇಲಿನ ಧೂಳು ಸರಿಸಿ ನನ್ನ ಕಡೆ ತಿರುಗಿದರು.

"ಬಾಳ ಚಂದ ಮಾಡ್ಯಾರಲ್ಲವ್ವಾ ಮೇಜು. ಹೊಸಾದೇನು?"

"ಹೌದ್ರಿ. ನೀವು ಒಳಗ ಬರಬಾರ್ದಲ್ರಿ, ಅದಕ್ಕ ನಿಮ್ಮ ಸಂಬಂಧನ ಮಾಡೇವಿ. ಎಣ್ಣಿ ನಾನ ಹಚ್ಚೇನ್ರಿ."

ಇದನ್ನು ಹೇಳಿದ್ದು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಕೇಡೂ ನನ್ನ ಮನಸ್ಸಿನಲ್ಲಿರಲಿಲ್ಲ. ಅವರಿಗಾಗಿ ಒಂದು ವಸ್ತುವನ್ನು ಹೊಸದಾಗಿ ಮಾಡಿದ್ದೇವೆ ಎನ್ನುವ ಹಿಗ್ಗಿನಲ್ಲಿ ನಗುತ್ತಲೇ ಹೇಳಿದೆ. ಹೇಳಿದ ಮೇಲೆ ನೋಡಿದೆ. ಅಪ್ಪನ ಕೈಯಲ್ಲಿ ತುಪ್ಪದ ಚಮಚ ಇತ್ತು, ಅದು ಸೊಟ್ಟಗಾಗಿ ತುಪ್ಪವೆಲ್ಲ ಹಲಗೆಯ ಸಂದಿಯಿಂದ ನೆಲಕ್ಕೆ ಇಳಿಯುತ್ತಿತ್ತು. ಶಾಂತಾಬಾಯಿಯ ಕೈ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಬೆರಳುಗಳನ್ನು ಎತ್ತಿದರು, ಆಮೇಲೆ ಅಂಗೈ. ಚೀಲ ತೆಗೆದುಕೊಂಡು ಎದ್ದು ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ತಪ್ಪು ಹೇಳಿದೆ ಎಂದಾಗುತ್ತಿತ್ತು. ನಾನು ಹೇಳಿದ್ದು ಸರಿಯಾಗಿತ್ತು.

ಆಗ ಒಳಗಿನಿಂದ ಆಯಿ ಚೀರಿದಳು.

"ಬಸ್ಯಾ! ಬಾಣಂತಿ ಗಾಳಿಗೆ ಹೊಂಟ್ಲೋ! ಹಿಡಿಯೋ!"

ಅವ್ವ ಹೊಸ್ತಿಲು ದಾಟಿ ಬರುತ್ತಿದ್ದಳು. ತಲೆಯ ಬಟ್ಟೆ ಹಾಗೇ ಇತ್ತು, ಕಿವಿಯ ಹತ್ತಿಯನ್ನು ತೆಗೆದುಹಾಕಿದ್ದಳು. ಹದಿಮೂರು ದಿನ ಬೆಳಕು ಕಾಣದ ಮುಖ ಅಕ್ಕಿಹಿಟ್ಟಿನಷ್ಟು ಬೆಳ್ಳಗಿತ್ತು. ಎದೆಗೆ ಕೂಸನ್ನು ಅವಚಿಕೊಂಡಿದ್ದಳು. ಗಾಳಿ ಅವಳನ್ನು ಎರಡು ಸಲ ತಡೆದು ನಿಲ್ಲಿಸಿದ್ದನ್ನು ಕಂಡೆ. ಬಂದವಳೇ ಕೂಸನ್ನು ನನ್ನ ಕೈಗೆ ಕೊಟ್ಟು ಮೊರ ಎತ್ತಿಕೊಂಡಳು.

"ಸೆರಗು ಹಿಡೀರಿ ಬಾಯಾರ. ಉಡಿ ತುಂಬಬೇಕು."

ಅಕ್ಕಿ ಮೊರದಿಂದ ಹಾರಿ ನಮ್ಮ ಮುಖಗಳಿಗೆ ಬಡಿಯುತ್ತಿತ್ತು. ಶಾಂತಾಬಾಯಿ ಸೆರಗು ಹಿಡಿಯಲಿಲ್ಲ. ಅವ್ವನ ಮಣಿಕಟ್ಟು ಹಿಡಿದು ನಾಡಿ ನೋಡಿದರು, ಕತ್ತಿಗೆ ಕೈಯಿಟ್ಟು ಜ್ವರ ನೋಡಿದರು.

"ಏನೂ ಆಗಿಲ್ಲ ನಿಮಗ. ಗಾಳಿಗೆ ಹೆದರಬ್ಯಾಡ್ರಿ. ಉಡಿ ಮಾತ್ರ ಬ್ಯಾಡ್ರಿ ಅಕ್ಕಾ. ಪಡಸಾಲ್ಯಾಗ ತುಂಬೂದನ್ನ ನಾ ಇಲ್ಲೆ ತುಂಬಿಸ್ಕೊಂಡ್ರ, ಇದ ನನ್ನ ಜಾಗಾ ಅಂತ ನಾನ ಒಪ್ಪಿದಂಗ ಆಗತೈತಿ. ಮನಿಯವ್ರೆಲ್ಲಾ ಒಳಗ ಬಾ ಅಂದ ದಿನಾ ಬರ್ತೇನಿ. ಎಲ್ಲಾರೂ ಅನಬೇಕು."

ಕುಲಾವಿಯನ್ನು ಕೂಸಿನ ತಲೆಗೆ ತೊಡಿಸಿ, ಗಂಟು ಸರಿಮಾಡಿ, ಅವರು ಹೊರಟುಬಿಟ್ಟರು. ಉಣ್ಣಲಿಲ್ಲ. ಅವರು ಹುಣಸೆಮರದ ತಿರುವಿನ ಹತ್ತಿರ ಹೋದ ಮೇಲೆ ಅಪ್ಪ ಹೇಳಿದ: "ಒಳಗ ಬರ್ರಿ." ಗಾಳಿ ಎದುರಿನಿಂದ ಬೀಸುತ್ತಿತ್ತು, ಮಾತು ನಮ್ಮ ಕಡೆಗೇ ಬಂತು. ಗಾಳಿ ಇರದಿದ್ದರೂ ಆ ದನಿ ಅಲ್ಲಿಯವರೆಗೆ ಮುಟ್ಟುವಂತಿರಲಿಲ್ಲ. ಅವ್ವ ಮೊರವನ್ನು ಮೇಜಿನ ಮೇಲೆ ಬೋರಲು ಹಾಕಿ ಒಳಗೆ ಹೋದಳು.

ಆಮೇಲೆ ಶಾಂತಾಬಾಯಿ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಅದು ಅವರ ಕೆಲಸ. ಕೂಸಿನ ಸೂಜಿಗಳೆಲ್ಲ ಆ ಮೇಜಿನ ಮೇಲೆಯೇ ಆದವು. ಪ್ರತಿ ಸಲ ಅವ್ವ ಕರೆಯುತ್ತಿದ್ದಳು. ಎರಡನೆಯ ಸಲದಿಂದ ಅಪ್ಪನೂ ಕರೆದ, ಓಣಿಗೆ ಕೇಳುವಂತೆಯೇ ಕರೆದ. ಶಾಂತಾಬಾಯಿ ಪಡಸಾಲೆಯ ಕಡೆ ನೋಡುತ್ತಿದ್ದರು. ಆಯಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. "ಇರ್ಲಿ ಬಿಡ್ರಿ, ಇಲ್ಲೇ ಬೆಳಕು ಚಲೋ ಐತಿ" ಎಂದು ಅವರು ಚೀಲ ಬಿಚ್ಚುತ್ತಿದ್ದರು. ಆಯಿಯೂ ಅವ್ವನೂ ಒಂದೇ ಒಲೆಯ ಎರಡು ಬದಿಗೆ ಕೂತು ರೊಟ್ಟಿ ಬಡಿಯುತ್ತ, ಮಾತಿಲ್ಲದೆ ಒಬ್ಬರಿಗೊಬ್ಬರು ಹಿಟ್ಟು ಸರಿಸುತ್ತಿದ್ದರು.

ಚಳಿಗಾಲಕ್ಕೆ ಆಯಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಅಣ್ಣಿಗೇರಿಯ ಡಾಕ್ಟರು ಐದು ದಿನ ದಿನಕ್ಕೊಂದು ಸೂಜಿ ಎಂದು ಬರೆದುಕೊಟ್ಟರು. ಮೊದಲ ದಿನ ಬೆಳಿಗ್ಗೆ ಶಾಂತಾಬಾಯಿ ತಲೆಬಾಗಿಲಿಗೆ ಬಂದು ನಿಂತರು. ಆಯಿ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಉಸಿರು ಬಾಗಿಲವರೆಗೂ ಕೇಳುತ್ತಿತ್ತು.

"ಆಯಿ, ಒಳಗ ಬರ್ಲೇನ್ರಿ?"

ಆಯಿ ಕಣ್ಣು ಮುಚ್ಚಿಕೊಂಡಳು.

"ಬರ್ರಿ ಬಾಯಾರ, ಬರ್ರಿ," ಎಂದರು ಅಪ್ಪ, ಅವ್ವ ಇಬ್ಬರೂ.

"ಆಯಿ ಅನ್ಲಿರಿ. ಸೂಜಿ ಅವರಿಗೆ. ಆಯಿ, ಬರ್ಲೇನ್ರಿ?"

ಆಯಿ ಕಣ್ಣು ತೆರೆದು ತೊಲೆ ನೋಡಿದಳು, ಜಗಲಿ ನೋಡಿದಳು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಈಗ ಅನ್ನುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ತುಟಿ ಅಲುಗಿತು.

"ನನ್ನ ಹೊರಗ ಒಯ್ರಿ," ಎಂದಳು.

ಅಪ್ಪ "ಏನಂದಿ ಬೇ?" ಎಂದ. ಅವಳು ಮತ್ತೆ ಅದನ್ನೇ ಅಂದಳು. ಅಪ್ಪ ತಲೆಯ ಕಡೆ, ಅವ್ವ ಕಾಲಿನ ಕಡೆ ಹೊರಸನ್ನು ಎತ್ತಿದರು. ಎರಡು ಮೆಟ್ಟಿಲು ಇಳಿಯುವಾಗ ಹೊರಸು ಓರೆಯಾಗಿ ಆಯಿ ಜಾರಿದಳು. ನಾನು ಅವಳ ಪಾದ ಹಿಡಿದುಕೊಂಡೆ, ಅವು ಸುಡುತ್ತಿದ್ದವು. ಎತ್ತುಗಳು ಸರಿದು ದಾರಿ ಬಿಟ್ಟವು. ಬೇವಿನ ಮರದ ಕೆಳಗೆ, ಮೇಜಿನ ಪಕ್ಕಕ್ಕೆ ಹೊರಸು ಇಳಿಸಿದೆವು. ಶಾಂತಾಬಾಯಿ ಮೇಜಿನ ಮೇಲೆ ಡಬ್ಬಿ ತೆರೆದು, ಔಷಧಿ ಎಳೆದು, ಆಯಿಯನ್ನು ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ತಮ್ಮ ಭುಜಕ್ಕೆ ಒರಗಿಸಿಕೊಂಡು ಸೂಜಿ ಹಾಕಿದರು. ಆಯಿ ಆ ಭುಜದ ಮೇಲೆ ತಲೆಯಿಟ್ಟು ಏದುಸಿರು ಬಿಡುತ್ತಿದ್ದಳು. ಮುಟ್ಟುವುದಕ್ಕೆ ಅವಳ ಅಡ್ಡಿಯಿರಲಿಲ್ಲ. ಅದನ್ನು ನೋಡಿ ನನಗೆ ಮತ್ತಷ್ಟು ದಿಗಿಲಾಯಿತು.

"ಇಷ್ಟ್ಯಾಕ ತ್ರಾಸ ತಗೊಂಡ್ರಿ ಆಯಿ? ಒಂದು ಮಾತು ಅಂದಿದ್ರ ಆಗ್ತಿತ್ತಲ್ಲ?"

"ಆ ಮಾತು ನನಗ ಬರೂದಿಲ್ಲವ್ವಾ," ಎಂದಳು ಆಯಿ. ದನಿಯಲ್ಲಿ ಸಿಟ್ಟು ಇರಲಿಲ್ಲ. ಮೊಂಡುತನವೋ ನಾಚಿಕೆಯೋ ನನಗೆ ಇಂದಿಗೂ ಹೇಳಲಾಗದು. ಅಕ್ಷರ ಬಾರದವರು ಅಕ್ಷರ ಬಾರದು ಎನ್ನುವ ಹಾಗೆ ಹೇಳಿದಳು.

ಶಾಂತಾಬಾಯಿ ಅವಳನ್ನು ಮೆಲ್ಲಗೆ ಮಲಗಿಸಿ, ಹೊದಿಕೆ ಎಳೆದು, ಡಬ್ಬಿ ಮುಚ್ಚಿದರು. ಆಮೇಲೆ ನನ್ನ ಕಡೆ ನೋಡಿದರು. ನಗುತ್ತಿದ್ದರು, ನಿಜವಾದ ನಗೆ.

"ನಿನಗರೇ ಬರ್ತೈತೇನ ನೀಲವ್ವಾ, ಆ ಮಾತು?"

ನನಗೆ ಬರುತ್ತಿತ್ತು. ಅದೇನು ದೊಡ್ಡ ಮಾತಲ್ಲ, ದಿನಕ್ಕೆ ಹತ್ತು ಸಲ ಯಾರಿಗಾದರೂ ಅನ್ನುವ ಮಾತು. ಬರ್ರಿ ಎನ್ನಬೇಕಾದರೆ ಮೊದಲು ತುಟಿ ಕೂಡಬೇಕು. ಕೂಡಿದವು. ಹೊರಸಿನ ಮೇಲಿಂದ ಆಯಿ ನನ್ನನ್ನೇ ನೋಡುತ್ತಿದ್ದಳು. ತುಟಿ ಮತ್ತೆ ಬಿಡಲಿಲ್ಲ. ಶಾಂತಾಬಾಯಿ ನಾನು ಎಷ್ಟು ಹೊತ್ತು ಹಾಗೆ ನಿಂತೇನೋ ಅಷ್ಟು ಹೊತ್ತೂ ಕಾದರು. ಆಮೇಲೆ ಚೀಲ ಎತ್ತಿಕೊಂಡು, ನಾಳೆ ಇದೇ ಹೊತ್ತಿಗೆ ಬರುತ್ತೇನೆ ಎಂದು ಅಪ್ಪನಿಗೆ ಹೇಳಿ ಹೋದರು.